‘5000 ವ್ಯಾಟ್’ ಮಿಕ್ಸರ್ ನಿಜಕ್ಕೂ 5000 ವ್ಯಾಟ್ ಇರುತ್ತದೆಯೇ? ಸಣ್ಣ ಸಂಗೀತ ತಂಡಗಳು ಪವರ್ಡ್ ಮಿಕ್ಸರ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ ಹತ್ತಿರ ಬಂದ ಹಾಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಫಾರ್ವರ್ಡ್‌ಗಳು ಹೆಚ್ಚುತ್ತವೆ. ಒಂದು ಮಿಕ್ಸರ್‌ನ ಫೋಟೊ, ಕೆಳಗೆ 5000 ವ್ಯಾಟ್, 8 ಚಾನೆಲ್, ಬ್ಲೂಟೂತ್, 99 ಬಗೆಯ ಎಕೋ ಎಂಬ ಸಾಲು, ಕೊನೆಯಲ್ಲಿ ನಂಬಲಾಗದಷ್ಟು ಕಡಿಮೆ ಬೆಲೆ. ಇವುಗಳ ಜೊತೆಗೇ ಉಚಿತ ಸಲಹೆಗಳೂ ಓಡಾಡುತ್ತವೆ. ವ್ಯಾಟ್ ಹೆಚ್ಚಿದ್ದಷ್ಟೂ ಒಳ್ಳೆಯದು, ಸ್ಪೀಕರ್ ಎಷ್ಟು ಬೇಕಾದರೂ ಸೇರಿಸಬಹುದು, ಗುಂಯ್ ಎನ್ನುವ ಸದ್ದು ಬಂದರೆ ಪ್ಲಗ್‌ನ ಅರ್ಥಿಂಗ್ ಪಿನ್ ತೆಗೆದರೆ ಸಾಕು, ಹೀಗೆ.

ರಸಮಂಜರಿ ನಡೆಸುವ ಸಣ್ಣ ಆರ್ಕೆಸ್ಟ್ರಾ, ಭಾವಗೀತೆ ಹಾಡುವ ತಂಡ, ಭಜನಾ ಮಂಡಳಿ, ಕಾಲೇಜಿನ ಬ್ಯಾಂಡ್ – ಇಂಥವರು ಮಿಕ್ಸರ್ ಕೊಳ್ಳುವುದು ಸಾಮಾನ್ಯವಾಗಿ ಎಲ್ಲರೂ ಕೈಯಿಂದ ಹಾಕಿದ ಹಣದಲ್ಲಿ. ತಪ್ಪು ಪೆಟ್ಟಿಗೆ ಕೊಂಡರೆ ಆ ಹಣ ಹೋಗುತ್ತದೆ. ತಪ್ಪು ಸಲಹೆ ಪಾಲಿಸಿದರೆ ಸ್ಪೀಕರ್ ಸುಡುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಈ ಫಾರ್ವರ್ಡ್‌ಗಳ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವುಗಳ ಹಿಂದಿನ ವಿಜ್ಞಾನವನ್ನು ಇಲ್ಲಿ ನೋಡೋಣ.

ಸಂಕ್ಷಿಪ್ತವಾಗಿ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಯನ್ನು ಮರೆತುಬಿಡಿ. ಬದಲಿಗೆ ನಾಲ್ಕು ವಿಷಯ ನೋಡಿ: ಮೈಕ್ ಚುಚ್ಚುವ ಜಾಗ ಎಷ್ಟಿವೆ, ಎಷ್ಟು ಓಮ್‌ಗೆ ಎಷ್ಟು ಆರ್‌ಎಂಎಸ್ ವ್ಯಾಟ್ ಬರುತ್ತದೆ, ಅದು ನಿಮ್ಮ ಸ್ಪೀಕರ್‌ಗೆ ಹೊಂದುತ್ತದೆಯೇ, ಮೂರು ಪಿನ್‌ನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇದೆಯೇ. ಉಳಿದದ್ದೆಲ್ಲ ಆಮೇಲೆ.

ಪವರ್ಡ್ ಮಿಕ್ಸರ್ ಎಂದರೇನು?

ಮೈಕ್‌ನಿಂದ ಹೊರಡುವ ವಿದ್ಯುತ್ ಸಂಕೇತ ತೀರಾ ಸಣ್ಣದು, ಕೆಲವೇ ಮಿಲಿವೋಲ್ಟ್. ಕೀಬೋರ್ಡ್ ಅಥವಾ ಮೊಬೈಲ್‌ನಿಂದ ಬರುವ ಸಂಕೇತ ಅದಕ್ಕಿಂತ ನೂರಾರು ಪಟ್ಟು ದೊಡ್ಡದಿರಬಹುದು. ಮಿಕ್ಸರ್ ಇವೆಲ್ಲವನ್ನೂ ಒಂದು ಮಟ್ಟಕ್ಕೆ ತಂದು, ಯಾವುದು ಎಷ್ಟು ಕೇಳಬೇಕೋ ಅಷ್ಟು ಬೆರೆಸುತ್ತದೆ. ಆದರೆ ಹೀಗೆ ಬೆರೆತ ಸಂಕೇತಕ್ಕೆ ಸ್ಪೀಕರ್‌ನ ಕೋನನ್ನು ಅಲುಗಾಡಿಸುವ ಶಕ್ತಿ ಇರುವುದಿಲ್ಲ. ಆ ಶಕ್ತಿ ಕೊಡುವುದು ಆಂಪ್ಲಿಫೈಯರ್. ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದೇ ಪವರ್ಡ್ ಮಿಕ್ಸರ್. ಅದಕ್ಕೆ ನೇರವಾಗಿ ಸಾಮಾನ್ಯ ಸ್ಪೀಕರ್, ಅಂದರೆ ಒಳಗೆ ಆಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಸ್ಪೀಕರ್ ಜೋಡಿಸಿದರೆ ಕೆಲಸ ಶುರು.

ಇನ್ನೊಂದು ದಾರಿಯೂ ಇದೆ. ಆಂಪ್ಲಿಫೈಯರ್ ಇಲ್ಲದ ಮಾಮೂಲಿ ಮಿಕ್ಸರ್ ಕೊಂಡು, ಒಳಗೇ ಆಂಪ್ಲಿಫೈಯರ್ ಇರುವ ಆ್ಯಕ್ಟಿವ್ ಸ್ಪೀಕರ್‌ಗಳನ್ನು ಜೋಡಿಸುವುದು. ಈ ಎರಡನ್ನೂ ಬೆರೆಸುವುದು ಮಾತ್ರ ಅಪಾಯ. ಪವರ್ಡ್ ಮಿಕ್ಸರ್‌ನ ಸ್ಪೀಕರ್ ಔಟ್‌ಪುಟ್ ಅನ್ನು ಆ್ಯಕ್ಟಿವ್ ಸ್ಪೀಕರ್‌ನ ಇನ್‌ಪುಟ್‌ಗೆ ಎಂದೂ ಚುಚ್ಚಬಾರದು. ಮಿಲಿವೋಲ್ಟ್ ಅಥವಾ ಒಂದೆರಡು ವೋಲ್ಟ್ ನಿರೀಕ್ಷಿಸುವ ಜಾಗಕ್ಕೆ ಹತ್ತಾರು ವೋಲ್ಟ್ ಹೋಗಿ ಸ್ಪೀಕರ್‌ನ ಒಳಗಿನ ಸರ್ಕ್ಯೂಟ್ ಸುಡುತ್ತದೆ.

ದೇವಸ್ಥಾನ, ಶಾಲೆಗಳಲ್ಲಿ ಉದ್ದುದ್ದ ತಂತಿ ಎಳೆದು ಹಲವು ಹಾರ್ನ್ ಜೋಡಿಸುವ ಮೈಕ್‌ಸೆಟ್ ಆಂಪ್ಲಿಫೈಯರ್‌ನ ಜಾತಿ ಬೇರೆ. ಅದರ ಹಿಂದೆ 100 ವೋಲ್ಟ್ ಎಂದು ಬರೆದ ತುದಿ ಇದ್ದರೆ ಅಲ್ಲಿಗೆ ಬ್ಯಾಂಡ್‌ನ 8 ಓಮ್ ಸ್ಪೀಕರ್ ನೇರವಾಗಿ ಕಟ್ಟುವಂತಿಲ್ಲ. ಭಾಷಣ, ಪ್ರಕಟಣೆಗೆ ಅದು ಸರಿ. ಕೀಬೋರ್ಡ್, ತಬಲಾ ಇರುವ ತಂಡಕ್ಕೆ ಮಾಡಿದ್ದಲ್ಲ.

ಹೇಳಿಕೆ 1: ಇದು 5000 ವ್ಯಾಟ್ ಮಿಕ್ಸರ್

ವಾಸ್ತವ: ಹೆಚ್ಚಿನ ಸಲ ಈ ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಿಎಂಪಿಒ ಎಂದಿರುತ್ತದೆ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಎಂಬುದರ ಚಿಕ್ಕ ರೂಪ ಅದು. ಇದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವಿಲ್ಲ. ಆಂಪ್ಲಿಫೈಯರ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಕೊಡಬಹುದಾದ ಶಕ್ತಿಯನ್ನು ಊಹಿಸಿ, ಎಲ್ಲ ಚಾನೆಲ್‌ಗಳದ್ದನ್ನೂ ಕೂಡಿಸಿ, ತಯಾರಕರು ತಮಗೆ ತೋಚಿದ್ದನ್ನು ಬರೆಯಬಹುದು.

ನಿಮಗೆ ಬೇಕಾದದ್ದು ಆಂಪ್ಲಿಫೈಯರ್ ಎಡೆಬಿಡದೆ ಕೊಡಬಲ್ಲ ಶಕ್ತಿ. ಇದನ್ನು ಆರ್‌ಎಂಎಸ್ ಅಥವಾ ಕಂಟಿನ್ಯುಯಸ್ ಎಂದು ನಮೂದಿಸಿರುತ್ತಾರೆ. ಒಳ್ಳೆಯ ತಯಾರಕರು ಅದನ್ನು ಓಮ್ ಜೊತೆ ಹೇಳುತ್ತಾರೆ: ಉದಾಹರಣೆಗೆ, 4 ಓಮ್‌ಗೆ 200 ವ್ಯಾಟ್. ಓಮ್ ಹೇಳದ ವ್ಯಾಟ್ ಅರ್ಧ ಮಾಹಿತಿ ಮಾತ್ರ.

ಇದು ಹೊಸ ಸಮಸ್ಯೆಯೇನಲ್ಲ. ಉಬ್ಬಿಸಿದ ಸಂಖ್ಯೆಗಳ ಕಾಟ ತಾಳಲಾರದೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಮನೆಬಳಕೆಯ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಜಾಹೀರಾತಿನಲ್ಲಿ ಹೇಗೆ ಹೇಳಬೇಕು ಎಂದು ನಿಯಮ ತಂದಿತ್ತು.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ನಮ್ಮಲ್ಲಿ ವಿದ್ಯುತ್ 230 ವೋಲ್ಟ್. ಮನೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದು. 230ನ್ನು 6ರಿಂದ ಗುಣಿಸಿದರೆ 1380 ವ್ಯಾಟ್. ಗೀಸರ್‌ಗೆ ಬಳಸುವ 16 ಆಂಪಿಯರ್‌ನ ದೊಡ್ಡ ಸಾಕೆಟ್‌ನಿಂದಲೂ 3680 ವ್ಯಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಹೀಗಿರುವಾಗ ಸಣ್ಣ ಪಿನ್‌ನ ಪೆಟ್ಟಿಗೆಯೊಂದು ಎಡೆಬಿಡದೆ 5000 ವ್ಯಾಟ್ ಹೊರಹಾಕುವುದು ಸಾಧ್ಯವೇ ಇಲ್ಲ. ಒಳಗೆ ಬಾರದ ಶಕ್ತಿ ಹೊರಗೆ ಎಲ್ಲಿಂದ ಬರಬೇಕು?

ಪೆಟ್ಟಿಗೆಯ ಹಿಂಬದಿಯಲ್ಲಿ ಅದು ಬಳಸುವ ವಿದ್ಯುತ್ ಎಷ್ಟೆಂದು ಬರೆದಿರುತ್ತದೆ. ಕೆಲವು ತಯಾರಕರು ಸಾಧಾರಣ ಮಟ್ಟದಲ್ಲಿ ಹಾಡು ನುಡಿಸುವಾಗಿನ ಬಳಕೆಯನ್ನಷ್ಟೇ ನಮೂದಿಸುವುದರಿಂದ ಎರಡು ಸಂಖ್ಯೆಗಳ ನಡುವೆ ಸ್ವಲ್ಪ ಅಂತರವಿದ್ದರೆ ಅದು ಮೋಸವಲ್ಲ. ಆದರೆ ಮುಂದೆ 5000, ಹಿಂದೆ 100 ವ್ಯಾಟ್ ಎಂದಿದ್ದರೆ ಅರ್ಥ ಮಾಡಿಕೊಳ್ಳಿ.

ಸ್ಪೀಕರ್‌ಗೂ ಇದೇ ಮಾತು. ಒಂದೇ ಸ್ಪೀಕರ್‌ಗೆ ಕಂಟಿನ್ಯುಯಸ್ 250, ಪ್ರೋಗ್ರಾಂ 500, ಪೀಕ್ 1000 ಎಂದು ಮೂರು ಸಂಖ್ಯೆ ಇರುವುದುಂಟು. ಅಂಗಡಿಯಲ್ಲಿ ಅದು ಸಾವಿರ ವ್ಯಾಟ್ ಸ್ಪೀಕರ್ ಆಗುತ್ತದೆ. ನೀವು ನೋಡಬೇಕಾದದ್ದು ಮೊದಲ ಸಂಖ್ಯೆಯನ್ನು.

ಹೇಳಿಕೆ 2: ವ್ಯಾಟ್ ಎರಡರಷ್ಟಾದರೆ ಸದ್ದೂ ಎರಡರಷ್ಟು

ವಾಸ್ತವ: ನಮ್ಮ ಕಿವಿ ಹಾಗೆ ಕೆಲಸ ಮಾಡುವುದಿಲ್ಲ. ವ್ಯಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ. ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು ವ್ಯತ್ಯಾಸ ಅದು. ಸದ್ದು ಸುಮಾರು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 200 ವ್ಯಾಟ್‌ನ ಬದಲು 400 ವ್ಯಾಟ್‌ನದಕ್ಕೆ ಹೆಚ್ಚು ಹಣ ಕೊಟ್ಟವರಿಗೆ ಸಿಗುವುದು ಆ 3 ಡೆಸಿಬಲ್.

ಅದೇ 3 ಡೆಸಿಬಲ್ ಇನ್ನೊಂದು ಕಡೆಯಿಂದಲೂ ಸಿಗುತ್ತದೆ. ಸ್ಪೀಕರ್‌ನ ಮಾಹಿತಿ ಹಾಳೆಯಲ್ಲಿ ಸೆನ್ಸಿಟಿವಿಟಿ ಎಂಬ ಸಾಲು ಇರುತ್ತದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಎಂಬುದು ಅದರ ಅರ್ಥ. 96 ಡೆಸಿಬಲ್‌ನ ಸ್ಪೀಕರ್ ಬಿಟ್ಟು 99 ಡೆಸಿಬಲ್‌ನದನ್ನು ಆರಿಸಿದರೆ, ಆಂಪ್ಲಿಫೈಯರ್ ಎರಡರಷ್ಟು ದೊಡ್ಡದು ಮಾಡಿದಷ್ಟೇ ಲಾಭ. ಆದ್ದರಿಂದ ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಮಿಕ್ಸರ್‌ನ ವ್ಯಾಟ್‌ಗಿಂತ ಸ್ಪೀಕರ್‌ನ ಗುಣಕ್ಕೆ ಹೆಚ್ಚು ಹಾಕುವುದು ಜಾಣತನ.

ನೂರೈವತ್ತು ಜನ ಕೂರುವ ಸಮುದಾಯ ಭವನಕ್ಕೆ ಎಷ್ಟು ಬೇಕು ಎಂದು ನೋಡೋಣ. 96 ಡೆಸಿಬಲ್‌ನ ಸ್ಪೀಕರ್‌ಗೆ 200 ವ್ಯಾಟ್ ಆರ್‌ಎಂಎಸ್ ಕೊಟ್ಟರೆ 23 ಡೆಸಿಬಲ್ ಸೇರಿ ಒಂದು ಮೀಟರ್ ದೂರದಲ್ಲಿ 119 ಆಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕಡಿಮೆ. ಅಂದರೆ 16 ಮೀಟರ್ ದೂರದ ಕೊನೆಯ ಸಾಲಿನಲ್ಲಿ 95. ಅಂಥ ಎರಡು ಸ್ಪೀಕರ್‌ಗಳಿದ್ದರೆ ಸುಮಾರು 98. ಗೋಡೆಗಳಿರುವ ಭವನದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಇದು ಗರಿಷ್ಠ ಮಟ್ಟ. ಹಾಡಿನ ಸರಾಸರಿ ಅದಕ್ಕಿಂತ ಹತ್ತು ಡೆಸಿಬಲ್‌ಗೂ ಹೆಚ್ಚು ಕೆಳಗೆ ಇರುತ್ತದೆ ಎಂದುಕೊಂಡರೂ 85ರ ಆಸುಪಾಸು. ಎದುರುಬದುರು ಕೂತು ಮಾತಾಡುವಾಗಿನ ಮಟ್ಟ ಸುಮಾರು 60. ಅಂದರೆ ಪ್ರತಿ ಸ್ಪೀಕರ್‌ಗೆ ನಿಜವಾದ 200 ವ್ಯಾಟ್ ಸಿಕ್ಕರೆ ಇಂಥ ಸಭೆಗೆ ಧಾರಾಳ.

ಹೇಳಿಕೆ 3: 8 ಚಾನೆಲ್ ಎಂದರೆ 8 ಮೈಕ್ ಹಾಕಬಹುದು

ವಾಸ್ತವ: ಸಣ್ಣ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿ. ಸ್ಟೀರಿಯೊ ಇನ್‌ಪುಟ್ ಒಂದಿದ್ದರೆ ಅದನ್ನು ಎರಡು ಚಾನೆಲ್ ಎಂದು ಎಣಿಸುವುದು ರೂಢಿ. 8 ಚಾನೆಲ್ ಎಂದು ಮಾರುವ ಪೆಟ್ಟಿಗೆಯಲ್ಲಿ ಮೈಕ್‌ನ ಇನ್‌ಪುಟ್ ನಾಲ್ಕೇ ಇದ್ದು, ಉಳಿದದ್ದು ಎರಡು ಸ್ಟೀರಿಯೊ ಇನ್‌ಪುಟ್ ಆಗಿರಬಹುದು. ಆದ್ದರಿಂದ ಚಾನೆಲ್ ಸಂಖ್ಯೆ ಬಿಡಿ. ಮೂರು ತೂತಿನ ದುಂಡನೆಯ ಎಕ್ಸ್‌ಎಲ್‌ಆರ್ ಸಾಕೆಟ್‌ಗಳನ್ನು ಬೆರಳಿಟ್ಟು ಎಣಿಸಿ. ಮೈಕ್ ಹೋಗುವುದು ಅಲ್ಲಿಗೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ತಂಡದ ಪಟ್ಟಿ ಬರೆಯಿರಿ. ಇಬ್ಬರು ಗಾಯಕರಿಗೆ ಎರಡು ಮೈಕ್, ಕೊಳಲಿಗೆ ಒಂದು, ತಬಲಾಕ್ಕೆ ಎರಡು, ನಿರೂಪಕರಿಗೆ ಒಂದು – ಒಟ್ಟು ಆರು. ಗಿಟಾರ್ ಅನ್ನು ಡಿಐ ಬಾಕ್ಸ್ ಮೂಲಕ ತಂದರೆ ಅದಕ್ಕೂ ಮೈಕ್‌ನ ಜಾಗವೇ ಬೇಕು – ಏಳು. ಕೀಬೋರ್ಡ್, ರಿದಂ ಪ್ಯಾಡ್, ಟ್ರ್ಯಾಕ್ ಹಾಕುವ ಮೊಬೈಲ್‌ಗೆ ಮೂರು ಸ್ಟೀರಿಯೊ. ಈ ತಂಡಕ್ಕೆ ಮೇಲೆ ಹೇಳಿದ 8 ಚಾನೆಲ್ ಮಿಕ್ಸರ್ ಮೊದಲ ಕಾರ್ಯಕ್ರಮದಲ್ಲೇ ಸಾಲುವುದಿಲ್ಲ.

ದೊಡ್ಡದಕ್ಕೆ ಹಣ ಇಲ್ಲದಿದ್ದರೆ ಪಟ್ಟಿಯನ್ನು ಇಳಿಸಬಹುದು. ತಬಲಾಕ್ಕೆ ಒಂದೇ ಮೈಕ್ ನಡುವೆ ಇಡಿ. ನಿರೂಪಕರು ಗಾಯಕರ ಮೈಕ್ ಬಳಸಲಿ. ಕೀಬೋರ್ಡ್‌ನ ಒಂದೇ ತಂತಿ ತಂದು ಮೊನೊ ಮಾಡಿ, ಸಭಿಕರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಗ ಐದು ಮೈಕ್ ಇನ್‌ಪುಟ್‌ಗೆ ಇಳಿಯುತ್ತದೆ. ಏನೇ ಆದರೂ ಒಂದು ಇನ್‌ಪುಟ್ ಖಾಲಿ ಉಳಿಯುವಂತೆ ಕೊಳ್ಳಿ. ಕಾರ್ಯಕ್ರಮದ ನಡುವೆ ಒಂದು ಚಾನೆಲ್ ಕೈಕೊಟ್ಟರೆ ಅದೇ ಆಸರೆ.

ಸಾಮಾನ್ಯ ಡೈನಾಮಿಕ್ ಮೈಕ್‌ಗೆ ಹೊರಗಿನ ವಿದ್ಯುತ್ ಬೇಡ. ಕೊಳಲು, ವೀಣೆಗೆ ಕಂಡೆನ್ಸರ್ ಮೈಕ್ ಬಳಸುವವರು ಮಿಕ್ಸರ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯೇ ನೋಡಬೇಕು. ಇನ್ನು 99 ಬಗೆಯ ಎಕೋ ವಿಷಯ. ವೇದಿಕೆಯ ಮೇಲೆ ಬಳಕೆಗೆ ಬರುವುದು ಒಂದು ಒಳ್ಳೆಯ ರಿವರ್ಬ್, ಒಂದು ಎಕೋ ಮಾತ್ರ. ನಿರೂಪಣೆಯ ಹೊತ್ತಿಗೆ ಅದನ್ನು ಒಂದೇ ಗುಂಡಿಯಲ್ಲಿ ನಿಲ್ಲಿಸಲು ಬಂದರೆ ಅದು ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಉಪಯೋಗದ್ದು.

ಮಾನಿಟರ್ ಔಟ್‌ಪುಟ್ ಇದೆಯೇ ಎಂಬುದೂ ಮುಖ್ಯ. ತಮ್ಮ ದನಿ ತಮಗೇ ಕೇಳದಿದ್ದರೆ ಗಾಯಕರು ಶ್ರುತಿ ತಪ್ಪುತ್ತಾರೆ, ಇಲ್ಲವೇ ಕಿರುಚುತ್ತಾರೆ. ಎರಡು ಆಂಪ್ಲಿಫೈಯರ್ ಇರುವ ಪವರ್ಡ್ ಮಿಕ್ಸರ್‌ಗಳಲ್ಲಿ ಒಂದನ್ನು ಸಭಿಕರ ಕಡೆಗೆ, ಇನ್ನೊಂದನ್ನು ವೇದಿಕೆಯ ಮಾನಿಟರ್‌ಗೆ ಹಂಚುವ ಸ್ವಿಚ್ ಇರುವುದುಂಟು. ಸಣ್ಣ ತಂಡಕ್ಕೆ ಇದು ದೊಡ್ಡ ಅನುಕೂಲ.

ಹೇಳಿಕೆ 4: ಎಷ್ಟು ಸ್ಪೀಕರ್ ಬೇಕಾದರೂ ಸೇರಿಸಿ, ಸದ್ದು ಹೆಚ್ಚುತ್ತದೆ

ವಾಸ್ತವ: ಒಂದು ಸ್ಪೀಕರ್‌ನಿಂದ ಇನ್ನೊಂದಕ್ಕೆ ತಂತಿ ಎಳೆದಾಗ ಅವು ಪ್ಯಾರಲಲ್ ಆಗಿ ಸೇರುತ್ತವೆ. 8 ಓಮ್‌ನ ಎರಡು ಸ್ಪೀಕರ್ ಸೇರಿದರೆ 4 ಓಮ್. ಮೂರು ಸೇರಿದರೆ 2.7ರ ಹತ್ತಿರ. ನಾಲ್ಕು ಸೇರಿದರೆ 2 ಓಮ್. ಓಮ್ ಇಳಿದಷ್ಟೂ ಆಂಪ್ಲಿಫೈಯರ್‌ನಿಂದ ಹರಿಯುವ ವಿದ್ಯುತ್ ಹೆಚ್ಚುತ್ತದೆ, ಅದು ಕಾಯುತ್ತದೆ. ಕಾಪು ವ್ಯವಸ್ಥೆ ಇದ್ದರೆ ಹಾಡಿನ ನಡುವೆ ತಾನೇ ನಿಲ್ಲುತ್ತದೆ, ಇಲ್ಲದಿದ್ದರೆ ಸುಡುತ್ತದೆ.

ಮಿಕ್ಸರ್ ಹಿಂದೆ ಸ್ಪೀಕರ್ ತುದಿಯ ಬಳಿ ಕನಿಷ್ಠ 4 ಓಮ್ ಎಂದಿದ್ದರೆ ಆ ತುದಿಗೆ 8 ಓಮ್‌ನ ಎರಡು ಸ್ಪೀಕರ್ ಮಾತ್ರ. ಒಂದೇ ಸ್ಪೀಕರ್ ಜೋಡಿಸಿದರೆ ತೊಂದರೆಯಿಲ್ಲ, ಆದರೆ ಸಿಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 4 ಓಮ್‌ಗೆ 200 ವ್ಯಾಟ್ ಕೊಡುವುದು 8 ಓಮ್‌ಗೆ ನೂರು ವ್ಯಾಟ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೀತು. ಜಾಹೀರಾತಿನ ವ್ಯಾಟ್ ಯಾವ ಓಮ್‌ನದು ಎಂದು ಕೇಳಬೇಕು ಎಂದದ್ದು ಇದಕ್ಕೇ.

ತಂತಿಯ ವಿಷಯದಲ್ಲೂ ಎಚ್ಚರ ಬೇಕು. ಗಿಟಾರ್ ಚುಚ್ಚುವ ತೆಳು ತಂತಿಯನ್ನು ಸ್ಪೀಕರ್‌ಗೆ ಬಳಸಬೇಡಿ. ತುದಿ ನೋಡಲು ಒಂದೇ ಥರ ಇದ್ದರೂ ಒಳಗಿನ ತಾಮ್ರ ತೀರಾ ಸಣ್ಣದು, ಬಿಸಿಯಾಗುತ್ತದೆ. ಸ್ಪೀಕರ್‌ಗೆ ದಪ್ಪ ಎಳೆಯ ಎರಡು ತಂತಿಯ ಕೇಬಲ್ಲೇ ಬೇಕು.

ಹೇಳಿಕೆ 5: ಆಂಪ್ಲಿಫೈಯರ್ ಚಿಕ್ಕದಿದ್ದರೆ ಸ್ಪೀಕರ್ ಸುಡುವುದೇ ಇಲ್ಲ

ವಾಸ್ತವ: ಅರ್ಧ ನಿಜ. ಚಿಕ್ಕ ಆಂಪ್ಲಿಫೈಯರ್ ಅನ್ನು ಅದರ ಮಿತಿಯೊಳಗೆ ನಡೆಸಿದರೆ ಸ್ಪೀಕರ್ ಸುರಕ್ಷಿತ. ಆದರೆ ಸದ್ದು ಸಾಲದೆಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ, ಸಂಕೇತದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ ಆಗುವುದು ಎನ್ನುತ್ತಾರೆ. ಆಗ ಸರಾಸರಿ ಶಕ್ತಿ ಏರುತ್ತದೆ, ಮೂಲದಲ್ಲಿ ಇಲ್ಲದ ತಾರ ಸ್ವರಗಳು ಹುಟ್ಟುತ್ತವೆ. ಅವೆಲ್ಲ ಹೋಗಿ ಸೇರುವುದು ಅತ್ಯಂತ ನಾಜೂಕಾದ ಟ್ವೀಟರ್‌ಗೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಸ್ಪೀಕರ್ ಮಂಕಾಗಿ ಕೇಳುತ್ತಿದ್ದರೆ ಟ್ವೀಟರ್ ಹೋಗಿರುವ ಸಾಧ್ಯತೆ ಹೆಚ್ಚು.

ಆಂಪ್ಲಿಫೈಯರ್‌ನ ಆರ್‌ಎಂಎಸ್ ಶಕ್ತಿ ಸ್ಪೀಕರ್‌ನ ಕಂಟಿನ್ಯುಯಸ್ ಶಕ್ತಿಯಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚಿರಲಿ. ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಪರವಾಗಿಲ್ಲ. ಬಿಡದೆ ಉರಿಯುತ್ತಿದ್ದರೆ ಕೂಡಲೇ ಇಳಿಸಿ.

ಹೇಳಿಕೆ 6: ಕುಯ್ ಎಂದು ಶಿಳ್ಳೆ ಬಂದರೆ ಮಿಕ್ಸರ್ ಸರಿಯಿಲ್ಲ, ದೊಡ್ಡದು ಕೊಳ್ಳಿ

ವಾಸ್ತವ: ಸ್ಪೀಕರ್‌ನಿಂದ ಬಂದ ಸದ್ದು ಮತ್ತೆ ಮೈಕ್‌ಗೆ ಹೋಗಿ, ಮತ್ತೆ ಸ್ಪೀಕರ್‌ಗೆ ಬಂದು, ಸುತ್ತು ಬೆಳೆಯುವುದರಿಂದ ಆ ಶಿಳ್ಳೆ ಹುಟ್ಟುತ್ತದೆ. ಇದು ಫೀಡ್‌ಬ್ಯಾಕ್. ವ್ಯಾಟ್ ಹೆಚ್ಚಿಸಿದರೆ ಇದು ಹೋಗುವುದಿಲ್ಲ, ಬದಲಿಗೆ ಇನ್ನೂ ಜೋರಾಗಿ ಕೂಗುವ ಅವಕಾಶ ಸಿಗುತ್ತದೆ.

ಖರ್ಚಿಲ್ಲದ ಪರಿಹಾರಗಳಿವೆ. ಸ್ಪೀಕರ್‌ಗಳನ್ನು ಹಾಡುವವರಿಗಿಂತ ಮುಂದೆ, ಸಭಿಕರ ತಲೆಗಿಂತ ಎತ್ತರದಲ್ಲಿ ಇಡಿ. ಮೈಕ್ ಬಾಯಿಯ ಹತ್ತಿರ ಇರಲಿ. ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ, ಹಾಗೆ ಹಿಡಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಹೀರುತ್ತದೆ. ಬಳಸದ ಮೈಕ್‌ಗಳನ್ನು ಮುಚ್ಚಿ. ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಶಿಳ್ಳೆ ಬರುವ ಮೊದಲು ಏರಿಸಬಹುದಾದ ಮಟ್ಟ 3 ಡೆಸಿಬಲ್ ಕಡಿಮೆಯಾಗುತ್ತದೆ. ಹೊಸ ಮಿಕ್ಸರ್ ಕೊಡುವ 3 ಡೆಸಿಬಲ್‌ಗೂ ಇದೇ ಬೆಲೆ, ಆದರೆ ಇದು ಪುಕ್ಕಟೆ.

ಹೇಳಿಕೆ 7: ಗುಂಯ್ ಸದ್ದು ನಿಲ್ಲಲು ಅರ್ಥಿಂಗ್ ಪಿನ್ ತೆಗೆಯಿರಿ

ವಾಸ್ತವ: ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಇದು ಪ್ರಾಣ ತೆಗೆಯುವ ಸಲಹೆ.

ಮೈಕ್‌ನ ಲೋಹದ ಮೈ, ಅದರ ತಂತಿಯ ಹೊರ ಹೆಣಿಗೆ, ಮಿಕ್ಸರ್‌ನ ಲೋಹದ ಪೆಟ್ಟಿಗೆ – ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಳಗೆ ಎಲ್ಲೋ ತಂತಿ ಸುಲಿದು ಲೈನ್ ಈ ಲೋಹಕ್ಕೆ ತಾಗಿದರೆ, ಅರ್ಥಿಂಗ್ ಇದ್ದಾಗ ವಿದ್ಯುತ್ ಅದರ ಮೂಲಕ ನೆಲಕ್ಕೆ ಹರಿದು ಫ್ಯೂಸ್ ಹಾರುತ್ತದೆ ಅಥವಾ ಟ್ರಿಪ್ ಆಗುತ್ತದೆ. ಅರ್ಥಿಂಗ್ ಪಿನ್ ತೆಗೆದಿದ್ದರೆ ಹಾರುವಂಥದ್ದು ಏನೂ ಇಲ್ಲ. ಮೈಕ್‌ನಲ್ಲೇ 230 ವೋಲ್ಟ್ ಕಾದು ಕೂತಿರುತ್ತದೆ. ಗಾಯಕರು ಒಂದು ಕೈಯಲ್ಲಿ ಗಿಟಾರ್ ತಂತಿ ಹಿಡಿದು, ತುಟಿಯನ್ನು ಮೈಕ್‌ಗೆ ತಾಗಿಸಿದ ಕ್ಷಣ ಅವರ ದೇಹವೇ ದಾರಿಯಾಗುತ್ತದೆ. ಬ್ರಿಟನ್ನಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ, ಸರಿಯಾಗಿ ಅರ್ಥಿಂಗ್ ಆಗದ ಮೈಕ್ ಮುಟ್ಟಿ ಸತ್ತರು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಶಾಮಿಯಾನ ಹಾಕಿ, ಬರಿಗಾಲಲ್ಲಿ ನಿಂತು ಹಾಡುವ ನಮ್ಮ ಗಣೇಶೋತ್ಸವದ ವೇದಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಗುಂಯ್ ಸದ್ದಿಗೆ ಸಾಮಾನ್ಯ ಕಾರಣವೆಂದರೆ ಕೀಬೋರ್ಡ್ ಒಂದು ಕಡೆಯ ಸಾಕೆಟ್‌ಗೆ, ಮಿಕ್ಸರ್ ಇನ್ನೊಂದು ಕಡೆಯ ಸಾಕೆಟ್‌ಗೆ ಚುಚ್ಚಿರುವುದು. ಎರಡು ಅರ್ಥಿಂಗ್‌ಗಳ ನಡುವಿನ ಸಣ್ಣ ವ್ಯತ್ಯಾಸವೇ 50 ಹರ್ಟ್ಸ್‌ನ ಗುಂಯ್ ಆಗಿ ಕೇಳುತ್ತದೆ. ವೇದಿಕೆಯ ಸಂಗೀತ ಉಪಕರಣಗಳೆಲ್ಲ ಒಂದೇ ಕಡೆಯಿಂದ ವಿದ್ಯುತ್ ಪಡೆಯುವಂತೆ ಮಾಡಿ. ಸೀರಿಯಲ್ ಸೆಟ್, ಬಣ್ಣದ ದೀಪಗಳಿಗೆ ಬೇರೆ ಲೈನ್ ಇರಲಿ. ಕೀಬೋರ್ಡ್, ಗಿಟಾರ್‌ಗೆ ಡಿಐ ಬಾಕ್ಸ್ ಬಳಸಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಂಕೇತದ ತಂತಿಯನ್ನಷ್ಟೇ ಬಿಡಿಸುತ್ತದೆ, ವಿದ್ಯುತ್ ಸುರಕ್ಷತೆಯ ಅರ್ಥಿಂಗ್ ಅನ್ನು ಮುಟ್ಟುವುದಿಲ್ಲ.

ಮಿಕ್ಸರ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿಟ್ಟುಕೊಳ್ಳಿ. ವಿದ್ಯುತ್ ದಾರಿ ತಪ್ಪಿ ಹರಿದ ತಕ್ಷಣ ಅದು ಸಂಪರ್ಕ ಕಡಿಯುತ್ತದೆ. ಕಂಬದಿಂದ ಕೊಕ್ಕೆ ಹಾಕಿ ತಂದ ಕರೆಂಟ್‌ನಲ್ಲಿ ಕಾರ್ಯಕ್ರಮ ಒಪ್ಪಬೇಡಿ. ಮೈಕ್ ಮುಟ್ಟಿದಾಗ ಜುಮ್ ಎಂದರೆ, ಅಥವಾ ಟೆಸ್ಟರ್ ತಾಗಿಸಿದಾಗ ದೀಪ ಉರಿದರೆ, ಅದು ಸಣ್ಣ ಸೋರಿಕೆಯೋ ದೊಡ್ಡದೋ ಎಂದು ಲೆಕ್ಕ ಹಾಕುತ್ತ ನಿಲ್ಲಬೇಡಿ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಹಾಡಿ.

ಎಷ್ಟು ಸದ್ದು ಸಾಕು?

ಕಾನೂನು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್. ಧ್ವನಿವರ್ಧಕ ಬಳಸುವ ಸಾರ್ವಜನಿಕ ಜಾಗದ ಅಂಚಿನಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು, ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ವಿನಾಯಿತಿ ನೀಡಬಹುದು.

ಕಿವಿಗೂ ಒಂದು ಮಿತಿ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ: 94ರಲ್ಲಿ ಒಂದು ಗಂಟೆ, 100ರಲ್ಲಿ 15 ನಿಮಿಷ. ಇದರ ಬಿಸಿ ಮೊದಲು ತಟ್ಟುವುದು ಸ್ಪೀಕರ್ ಪಕ್ಕದಲ್ಲೇ ನಿಲ್ಲುವ ಕಲಾವಿದರಿಗೆ, ಮುಂದಿನ ಸಾಲಿನಲ್ಲಿ ಕೂರುವ ಮಕ್ಕಳಿಗೆ.

ಪವರ್ಡ್ ಮಿಕ್ಸರ್ ಯಾರಿಗೆ, ಆ್ಯಕ್ಟಿವ್ ಸ್ಪೀಕರ್ ಯಾರಿಗೆ?

ತಂಡದ ಬಳಿ ಈಗಾಗಲೇ ಒಳ್ಳೆಯ ಪ್ಯಾಸಿವ್ ಸ್ಪೀಕರ್ ಇದ್ದರೆ ಪವರ್ಡ್ ಮಿಕ್ಸರ್ ಸರಿಯಾದ ಆಯ್ಕೆ. ಒಂದೇ ಪೆಟ್ಟಿಗೆ, ಒಂದೇ ಪ್ಲಗ್, ಸ್ಪೀಕರ್ ಇರುವ ಕಡೆಗೆಲ್ಲ ಕರೆಂಟ್ ಎಳೆಯಬೇಕಿಲ್ಲ, ಆಟೊದಲ್ಲಿ ಸಾಗಿಸಬಹುದು. ಅನನುಕೂಲವೆಂದರೆ ಆಂಪ್ಲಿಫೈಯರ್ ಕೆಟ್ಟರೆ ಇಡೀ ವ್ಯವಸ್ಥೆ ಮೌನ. ತಂಡ ಬೆಳೆದು ಇನ್‌ಪುಟ್ ಸಾಲದಾದರೆ ಪೂರ್ತಿ ಪೆಟ್ಟಿಗೆಯನ್ನೇ ಬದಲಿಸಬೇಕು.

ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಸಣ್ಣ ಮಿಕ್ಸರ್ ಮತ್ತು ಎರಡು ಆ್ಯಕ್ಟಿವ್ ಸ್ಪೀಕರ್‌ಗಳ ದರವನ್ನೂ ಕೇಳಿ ನೋಡುವುದು ಒಳ್ಳೆಯದು. ಅಲ್ಲಿ ಸ್ಪೀಕರ್‌ಗೆ ಹೊಂದುವ ಆಂಪ್ಲಿಫೈಯರ್ ಅನ್ನು ತಯಾರಕರೇ ಕೂರಿಸಿರುವುದರಿಂದ ಓಮ್, ವ್ಯಾಟ್ ಹೊಂದಿಸುವ ತಲೆನೋವಿಲ್ಲ. ಒಂದು ಸ್ಪೀಕರ್ ಕೆಟ್ಟರೂ ಇನ್ನೊಂದರಲ್ಲಿ ಕಾರ್ಯಕ್ರಮ ಮುಗಿಸಬಹುದು.

ಅಂಗಡಿಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ, ನಿಮ್ಮ ಊರಿನ ಅಂಗಡಿಯಾಗಲಿ, ಹಳೆಯದನ್ನು ಕೈಬದಲಾಯಿಸಿ ಕೊಳ್ಳುವುದಾಗಲಿ, ಈ ಪರೀಕ್ಷೆಗಳನ್ನು ಬಿಡಬೇಡಿ.

1. ನಿಮ್ಮದೇ ಮೈಕ್, ನಿಮ್ಮದೇ ಕೀಬೋರ್ಡ್ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಕೇಳಿ ತೀರ್ಮಾನಿಸಬೇಡಿ. ರೆಕಾರ್ಡ್ ಆದ ಹಾಡು ಯಾವ ಪೆಟ್ಟಿಗೆಯಲ್ಲೂ ಚೆನ್ನಾಗಿಯೇ ಕೇಳುತ್ತದೆ.
2. ಎಲ್ಲ ಮೈಕ್ ಇನ್‌ಪುಟ್‌ಗಳಲ್ಲೂ ಒಂದೊಂದಾಗಿ ಮಾತಾಡಿ ನೋಡಿ.
3. ಪ್ರತಿಯೊಂದು ಗುಂಡಿಯನ್ನೂ ತಿರುಗಿಸಿ. ಕರಕರ ಎಂದರೆ ಹಳೆಯ ಸರಕು ಅಥವಾ ಧೂಳು ಹಿಡಿದದ್ದು.
4. ಮೈಕ್ ಇಲ್ಲದೆ ಮಾಸ್ಟರ್ ವಾಲ್ಯೂಮ್ ಏರಿಸಿ ಕೇಳಿ. ಸ್ಸ್ ಎಂಬ ಸದ್ದು ದೂರಕ್ಕೂ ಕೇಳಿದರೆ ಬೇಡ.
5. ಕನಿಷ್ಠ ಅರ್ಧ ಗಂಟೆ ಜೋರಾಗಿ ನಡೆಸಿ. ಫ್ಯಾನ್ ತಿರುಗುತ್ತದೆಯೇ, ಮೈ ಮುಟ್ಟಲಾರದಷ್ಟು ಕಾಯುತ್ತದೆಯೇ ನೋಡಿ.
6. ಆರ್‌ಎಂಎಸ್ ವ್ಯಾಟ್ ಎಷ್ಟು, ಯಾವ ಓಮ್‌ಗೆ ಎಂದು ಕೇಳಿ, ಬಿಲ್‌ನಲ್ಲಿ ಮಾಡೆಲ್ ಸಂಖ್ಯೆ ಬರೆಸಿ.
7. ರಿಪೇರಿ ಎಲ್ಲಿ ಮಾಡಿಕೊಡುತ್ತಾರೆ ಎಂದು ಕೇಳಿ. ಹತ್ತಿರದ ಪಟ್ಟಣದಲ್ಲಿ ರಿಪೇರಿ ಆಗದ ಅಗ್ಗದ ಪೆಟ್ಟಿಗೆ ಅಗ್ಗದ್ದಲ್ಲ.
8. ಪ್ಲಗ್‌ನಲ್ಲಿ ಮೂರು ಪಿನ್ ಇದೆಯೇ ನೋಡಿ. ಹಳೆಯದಾಗಿದ್ದರೆ ಯಾರಾದರೂ ಅರ್ಥಿಂಗ್ ತಂತಿ ಕತ್ತರಿಸಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಮ್ಮ ತೀರ್ಮಾನ

‘5000 ವ್ಯಾಟ್ ಪವರ್ಡ್ ಮಿಕ್ಸರ್’ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಓಮ್ ಸಮೇತ ಆರ್‌ಎಂಎಸ್ ಸಂಖ್ಯೆ ಹೇಳದ ಜಾಹೀರಾತನ್ನು ಮುಂದೆ ಕಳಿಸಬೇಡಿ. ‘8 ಚಾನೆಲ್ ಎಂದರೆ 8 ಮೈಕ್’ ಎಂಬುದು ಹೆಚ್ಚಿನ ಸಲ ತಪ್ಪು. ‘ಎಷ್ಟು ಸ್ಪೀಕರ್ ಬೇಕಾದರೂ ಸೇರಿಸಬಹುದು’ ಎಂಬುದು ಪೂರ್ತಿ ತಪ್ಪು. ‘ಅರ್ಥಿಂಗ್ ಪಿನ್ ತೆಗೆಯಿರಿ’ ಎಂಬುದು ತಪ್ಪಷ್ಟೇ ಅಲ್ಲ, ಅಪಾಯಕಾರಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಆ ಸಲಹೆ ಹಾಕಿದ್ದರೆ ಅದರ ಕೆಳಗೇ ಉತ್ತರ ಬರೆಯಿರಿ. ಮುಂದಿನ ಹಬ್ಬದಲ್ಲಿ ಆ ಮೈಕ್ ಹಿಡಿಯುವವರು ನಿಮ್ಮ ಮನೆಯವರೇ ಆಗಿರಬಹುದು.